ಐದು ಗುಂಡಿನ ಸಾಕ್ಷ್ಯ

ಸೆಪ್ಟೆಂಬರ್ ತಿಂಗಳಲ್ಲಿ ಕೊಡಗಿನಲ್ಲಿ ಕೈಲುಮುಹೂರ್ತದ ಹಬ್ಬ ಬರುತ್ತದೆ. ಆಯುಧಗಳಿಗೆ ಪೂಜೆ ನಡೆದ ಮೇಲೆ ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿ ಕೋವಿಯಿಂದ ಹೊಡೆಯುವ ಪಂದ್ಯವಾಗುತ್ತದೆ. ಕಾಯಿ ಒಡೆದವನಿಗೆ ಜಯಕಾರ. ಒಡೆಯದವನು ಕೋವಿಯನ್ನೋ, ಗಾಳಿಯನ್ನೋ, ಹಿಂದಿನ ರಾತ್ರಿಯ ನಿದ್ದೆಯನ್ನೋ ದೂರುತ್ತ ಹಿಂತಿರುಗುತ್ತಾನೆ. ಬಾಲ್ಯದಿಂದಲೂ ನಾನು ಈ ಪಂದ್ಯವನ್ನು ತೋಟದ ಬೇಲಿಯ ಈಚೆ ನಿಂತು ನೋಡಿದವಳು. ಒಂದು ಗುಂಡು, ಒಂದು ಕಾಯಿ, ಒಂದು ತೀರ್ಪು. ಹಬ್ಬಕ್ಕೆ ಇದು ಸೊಗಸಾದ ಕ್ರಮವೇ ಸರಿ. ಆದರೆ ಗುಂಡಿನ ಗುಣವನ್ನೂ ಅದನ್ನು ಹೊಡೆದವರ ಗುಣವನ್ನೂ ಇದೇ ಕ್ರಮದಿಂದ ಅಳೆಯಲು ಹೊರಟರೆ ಅನ್ಯಾಯವಾಗುತ್ತದೆಂದು ನನ್ನ ಅಭಿಪ್ರಾಯ. ಈ ಅಭಿಪ್ರಾಯ ಹುಟ್ಟಿದ್ದು ಊರಿನಲ್ಲಲ್ಲ, ನಮ್ಮ ಕಾಲೇಜಿನ ಹಿಂಬದಿಯ ಮಣ್ಣುದಿಬ್ಬದ ಎದುರಿನಲ್ಲಿ.

ವರ್ಷದ ಮೊದಲಲ್ಲಿ ನಮ್ಮ ಗಾಳಿಕೋವಿ ತಂಡದ ಮಿತ್ರರೊಬ್ಬರು ಫೋನಿನಲ್ಲಿ ಒಂದು ಚಿತ್ರವನ್ನು ತೋರಿಸಿದರು. ಅಮೆರಿಕದ ಗುರಿಕಾರರೊಬ್ಬರು ಮೇಜಿನ ಮೇಲೆ ಗಾಳಿಕೋವಿಯನ್ನು ಊರಿ 100 ಗಜ ದೂರದ ಕಾಗದಕ್ಕೆ ಐದು ಗುಂಡು ಹೊಡೆದರು. ಐದು ತೂತುಗಳನ್ನೂ ಒಂದೇ ನಾಣ್ಯದಿಂದ ಮುಚ್ಚಿ ತೋರಿಸಿದರು. ಬಳಿಕ ಗುಂಡಿನ ಡಬ್ಬಿಯನ್ನು ಎತ್ತಿ ಹಿಡಿದು ಅದರ ಹೆಸರು ಹೇಳಿದರು. ಅಲ್ಲಿಗೆ ನಮ್ಮ ತಂಡದಲ್ಲಿ ಚರ್ಚೆ ಮುಗಿಯಿತು. 'ನಾವು ಸೋಲುವುದು ಗುಂಡಿನ ದೋಷದಿಂದ. ಪರದೇಶದ ಗುಂಡನ್ನೇ ತರಿಸಬೇಕು' ಎಂದು ಎಲ್ಲರೂ ಒಂದೇ ಕಂಠದಿಂದ ನುಡಿದರು. ಕ್ರೀಡಾನಿಧಿಯಲ್ಲಿ ಉಳಿದಿದ್ದ ಹಣ ಬಹಳವಲ್ಲ. ಅದು ವಿದ್ಯಾರ್ಥಿಗಳು ಕಟ್ಟಿದ ಶುಲ್ಕ. ನನ್ನ ಪಾಲಿನ ಶುಲ್ಕ ಹೊಂದಿಸಲು ಅಪ್ಪ ಎಷ್ಟು ದಿನ ಕಾಫಿ ಕೊಯ್ದರೆಂಬುದು ನನಗೆ ಗೊತ್ತು. ಆದುದರಿಂದ ಆ ಡಬ್ಬಿಯಲ್ಲಿ ಏನಿದೆ, ಅದರಿಂದ ನಮಗೇನು ಎಂಬುದನ್ನು ತಿಳಿಯಬೇಕೆಂಬ ಹಟ ಹುಟ್ಟಿತು.

ಅದರಲ್ಲಿದ್ದುದು ನಾವು ಬಳಸುವ ಪೆಲೆಟ್ ಅಲ್ಲ, ಸ್ಲಗ್. ಪೆಲೆಟ್ಟಿನ ಆಕಾರ ಪುಟ್ಟ ಡಮರುಗದಂತೆ: ಮುಂದೆ ತಲೆ, ನಡುವೆ ಸಣ್ಣ ಸೊಂಟ, ಹಿಂದೆ ಟೊಳ್ಳಾದ ತೆಳು ಅಂಚು. ಹಿಂದಿನಿಂದ ಗಾಳಿ ನೂಕಿದಾಗ ಆ ಅಂಚು ಅರಳಿ ನಳಿಗೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಹೊರಬಿದ್ದ ಮೇಲೆ ಬ್ಯಾಡ್‌ಮಿಂಟನ್ನಿನ ಗರಿಚೆಂಡಿನಂತೆ ಹಿಂಬದಿ ಗಾಳಿಯನ್ನು ತಡೆದು ತಲೆಯನ್ನು ಮುಂದಕ್ಕೆ ಹಿಡಿದಿಡುತ್ತದೆ. ಹೀಗೆ ತಡೆಯುವುದರಿಂದಲೇ ಬೇಗ ವೇಗವನ್ನು ಕಳೆದುಕೊಳ್ಳುತ್ತದೆ. ಸ್ಲಗ್ಗಿಗೆ ಸೊಂಟವಿಲ್ಲ. ಅದು ರೈಫಲಿನ ಗುಂಡಿನ ಹಾಗೆ ತುಂಬುಮೈಯ ಸೀಸದ ಕೊಳವೆ. ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ಆದರೆ ಅದನ್ನು ನೇರವಾಗಿ ಹಿಡಿದಿಡುವ ಬಾಲವಿಲ್ಲವಾದ್ದರಿಂದ ಕೇವಲ ತಿರುಗುವಿಕೆಯನ್ನೇ, ಬುಗುರಿಯಂತೆ, ನಂಬಿಕೊಂಡಿರುತ್ತದೆ.

ನಾನು ಮಾಡಿದ ಒಂದು ಸ್ಥೂಲವಾದ ಲೆಕ್ಕವನ್ನು ಇಲ್ಲಿ ಕೊಡುತ್ತೇನೆ. 100 ಗಜ ದೂರಕ್ಕೆ, ಸೆಕೆಂಡಿಗೆ 3 ಮೀಟರು ವೇಗದ ಅಡ್ಡಗಾಳಿಯಲ್ಲಿ, ಒಳ್ಳೆಯ ಸ್ಲಗ್ ಸುಮಾರು 10 ಸೆಂಟಿಮೀಟರು ಪಕ್ಕಕ್ಕೆ ಸರಿದರೆ ಪೆಲೆಟ್ ಅದರ ಎರಡು ಮೂರು ಪಟ್ಟು ಸರಿಯುತ್ತದೆ. ಅರಿಜೋನಾದ ಎಕ್ಸ್‌ಟ್ರೀಮ್ ಬೆಂಚ್‌ರೆಸ್ಟ್ ಪಂದ್ಯದಂತೆ 100 ಗಜಕ್ಕೆ ಗಾಳಿಕೋವಿಯಿಂದ ಹೊಡೆಯುವ ದೇಶಗಳಲ್ಲಿ ಸ್ಲಗ್ಗಿನ ಮೋಹ ಹೆಚ್ಚಿರುವುದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿನವರಿಗೆ ಗಾಳಿಕೋವಿ ಮಕ್ಕಳಾಟಿಕೆಯೂ ಅಲ್ಲ. 1804ರಲ್ಲಿ ಖಂಡವನ್ನು ದಾಟಲು ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ಒಂದು ಗಾಳಿಕೋವಿಯನ್ನು ಜೊತೆಗೊಯ್ದಿದ್ದರು.

ನಮ್ಮ ಸ್ಥಿತಿ ಬೇರೆ. 2016ರ ಆಯುಧ ನಿಯಮಗಳಂತೆ ನಮ್ಮ ದೇಶದಲ್ಲಿ 0.177 ಅಂಗುಲ, ಎಂದರೆ 4.5 ಮಿಲಿಮೀಟರು, ನಳಿಗೆಯನ್ನೂ 20 ಜೂಲು ಶಕ್ತಿಯನ್ನೂ ಮೀರಿದ ಗಾಳಿಕೋವಿಗೆ ಪರವಾನಗಿ ಬೇಕು. 0.22 ಅಂಗುಲದ 25 ಗ್ರೇನ್ ತೂಕದ ಸ್ಲಗ್ಗನ್ನು ಸೆಕೆಂಡಿಗೆ 290 ಮೀಟರು ವೇಗದಲ್ಲಿ ಬಿಟ್ಟರೆ ಅದರ ಶಕ್ತಿ 68 ಜೂಲಿನಷ್ಟಾಗುತ್ತದೆ. ಚಿತ್ರದ ಗುಂಡು ನಮ್ಮ ಕೋವಿಗೆ ಸಲ್ಲದೆಂಬುದು ಇಷ್ಟರಿಂದಲೇ ತಿಳಿಯಿತು. ಮಿತ್ರರು ಸೋಲೊಪ್ಪಲಿಲ್ಲ, 'ಸ್ಲಗ್ ಬೇಡ, ಪರದೇಶದ ಪೆಲೆಟ್ಟಾದರೂ ಬರಲಿ' ಎಂದರು.

'ಯಾವ ಗುಂಡು ಶ್ರೇಷ್ಠ?' ಎಂಬ ಪ್ರಶ್ನೆಯೇ ತಪ್ಪು. 'ಈ ನಳಿಗೆಗೆ ಯಾವ ಗುಂಡು?' ಎಂದು ಕೇಳಬೇಕು. ದೂರದ ಸ್ಲಗ್ ಹೊಡೆಯುವವರು ಒಂದೇ ಹೆಸರಿನ, ಒಂದೇ ತೂಕದ ಸ್ಲಗ್ಗನ್ನು 0.216, 0.217, 0.218 ಅಂಗುಲ ಎಂದು ಸಾವಿರದ ಒಂದಂಶದ ವ್ಯತ್ಯಾಸದಲ್ಲಿ ಬೇರೆ ಬೇರೆಯಾಗಿ ಕೊಂಡು ನೋಡುತ್ತಾರೆ. ಒಂದು ನಳಿಗೆಯಲ್ಲಿ ಸಡಿಲವಾದದ್ದು ಇನ್ನೊಂದರಲ್ಲಿ ಬಿಗಿ. ಅನೇಕ ನಳಿಗೆಗಳ ಬಾಯಿ ತುಸು ಕಿರಿದಾಗಿರುತ್ತದೆ. ಪೆಲೆಟ್ಟಿಗೆ ಅದು ಹಿತ, ತುಂಬುಮೈಯ ಸ್ಲಗ್ಗಿಗೆ ಕೆಲವೊಮ್ಮೆ ಕಂಟಕ. ಒಳಗಿನ ಸುರುಳಿ ಗೀರುಗಳು ಪೆಲೆಟ್ಟಿನ ನಳಿಗೆಯಲ್ಲಿ ಸಾಮಾನ್ಯವಾಗಿ 16ರಿಂದ 18 ಅಂಗುಲಕ್ಕೊಂದು ಸುತ್ತು ಬರುತ್ತವೆ. ಉದ್ದನೆಯ ಸ್ಲಗ್ಗಿಗೆ ಅದಕ್ಕಿಂತ ಬೇಗ ತಿರುಗಿಸುವ ಸುರುಳಿ ಬೇಕಾಗಬಹುದು. ವೇಗವನ್ನು ಏರಿಸಿದರೆ ಎಲ್ಲವೂ ಸರಿಹೋಗುತ್ತದೆಂಬ ನಂಬಿಕೆಯೂ ಹುಸಿ. ಶಬ್ದದ ವೇಗವಾದ 340 ಮೀಟರಿನ ಸಮೀಪಕ್ಕೆ ಹೋದ ಪೆಲೆಟ್ ತೂರಾಡತೊಡಗುತ್ತದೆ. ನಮ್ಮ 4.5 ಮಿಲಿಮೀಟರಿನ ಪೆಲೆಟ್ ಡಬ್ಬಿಗಳ ಮೇಲೂ 4.50, 4.51, 4.52 ಎಂದು ತಲೆಯ ಅಳತೆ ಅಚ್ಚಾಗಿರುತ್ತದೆ. ಅಂಗಡಿಯವನಿಗೂ ಚಿತ್ರದ ಗುರಿಕಾರನಿಗೂ ನಮ್ಮ ನಳಿಗೆಯ ಪರಿಚಯವಿಲ್ಲ. ಹೊಡೆದೇ ನೋಡಬೇಕು. ಹೇಗೆ ನೋಡಬೇಕೆಂಬಲ್ಲೇ ಜಗಳ.

ಎರಡು ಬಗೆಯ ಗುಂಡನ್ನೂ ಐದೈದು ಹೊಡೆದು, ಯಾವುದರ ಗುಂಪು ಚಿಕ್ಕದೋ ಅದನ್ನು ತರಿಸುವುದೆಂದು ತಂಡ ನಿಶ್ಚಯಿಸಿತು. ಗುಂಪೆಂದರೆ ಒಂದೇ ಗುರಿಗೆ ಹೊಡೆದ ತೂತುಗಳಲ್ಲಿ ಅತಿ ದೂರದ ಎರಡರ ನಡುವಣ ಅಂತರ. ಸ್ನೇಹಿತರೊಬ್ಬರಲ್ಲಿ ಪರದೇಶದ ಒಂದು ಡಬ್ಬಿಯಿತ್ತು. ಬೆಲೆ ನಮ್ಮದರ ಮೂರು ಪಟ್ಟು. ಗುಂಡು ತುಂಬಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಆಗ ನಾನೊಂದು ಕುಚೇಷ್ಟೆ ಮಾಡಿದೆ. ಪರದೇಶದ ಡಬ್ಬಿಯನ್ನು ಚೀಲದಲ್ಲಿಯೇ ಬಿಟ್ಟು, ನಮ್ಮ ಹಳೆಯ ಡಬ್ಬಿಯ ಗುಂಡುಗಳನ್ನೇ ಎರಡು ಸ್ಟೀಲ್ ಬಟ್ಟಲಿಗೆ ಸುರಿದು, ಒಂದಕ್ಕೆ 'ಪರದೇಶ' ಎಂದೂ ಇನ್ನೊಂದಕ್ಕೆ 'ಸ್ವದೇಶ' ಎಂದೂ ಚೀಟಿ ಅಂಟಿಸಿದೆ.

20 ಮೀಟರು ದೂರದಲ್ಲಿ ಮೂವರು ಹೊಡೆದರು. 'ಪರದೇಶ'ದ ಗುಂಪುಗಳು 12, 14, 17 ಮಿಲಿಮೀಟರು. 'ಸ್ವದೇಶ'ದವು 21, 16, 19. ಆಹಾ, ಆಗಿನ ವ್ಯಾಖ್ಯಾನಗಳನ್ನು ವಾಚಕರು ಕೇಳಬೇಕಿತ್ತು! ಒಬ್ಬರಿಗೆ ಪರದೇಶದ ಗುಂಡು ನಳಿಗೆಯಲ್ಲಿ ಬೆಣ್ಣೆಯಂತೆ ಜಾರಿದ ಅನುಭವವಾಯಿತು. ಇನ್ನೊಬ್ಬರಿಗೆ ಅದರ ಸದ್ದಿನಲ್ಲೇ ಗಾಂಭೀರ್ಯ ಕೇಳಿಸಿತು. 16 ಮಿಲಿಮೀಟರಿನ 'ಸ್ವದೇಶ' ಗುಂಪು ಹೊಡೆದಾತ, ಅದು ತನ್ನ ಕೈಯ ಸಾಮರ್ಥ್ಯವೇ ಹೊರತು ಗುಂಡಿನದಲ್ಲವೆಂದು ನಮ್ರವಾಗಿ ತಿಳಿಸಿದ. ಮರುದಿನ ಇನ್ನೊಮ್ಮೆ ನೋಡೋಣವೆಂದು ಒಪ್ಪಿಸಿದೆ. ಅಂದು ಮೂರರಲ್ಲಿ ಎರಡು ಸಲ 'ಸ್ವದೇಶ' ಗೆದ್ದಿತು. ಗಾಳಿ ಬದಲಾಯಿತೆಂದರು, ಕೋವಿ ಬಿಸಿಯಾಯಿತೆಂದರು. ಒಬ್ಬನಂತೂ ಪರದೇಶದ ಗುಂಡಿಗೆ ನಮ್ಮ ಊರಿನ ತೇವ ಒಗ್ಗದೆಂದ. ಆಗ ನಿಜ ಹೇಳಿದೆ. ಎರಡು ದಿನ ಯಾರೂ ನನ್ನೊಡನೆ ಮಾತನಾಡಲಿಲ್ಲ. ಅದಕ್ಕೆ ನಾನು ಅರ್ಹಳೇ. ಮಿತ್ರರನ್ನು ವಂಚಿಸಿದ್ದು ಸರಿಯಲ್ಲ.

ಆದರೆ ಕಾಗದದ ಮೇಲಿನ ತೂತುಗಳು ಸುಳ್ಳಲ್ಲವಷ್ಟೆ? ಒಂದೇ ಡಬ್ಬಿಯ ಗುಂಡು, ಒಂದೇ ಕೋವಿ, ಆದರೂ ಒಂದು ಗುಂಪು 12, ಇನ್ನೊಂದು 21. ಅರ್ಥಶಾಸ್ತ್ರದ ತರಗತಿಯಲ್ಲಿ ಸರಾಸರಿಯನ್ನೂ ವಿಚಲನೆಯನ್ನೂ ಪರೀಕ್ಷೆಗಾಗಿ ಮಾತ್ರ ಓದಿದ್ದ ನನಗೆ, ಅಧ್ಯಾಪಕರು ಈ ಹಾಳೆಗಳನ್ನು ಮುಂದಿಟ್ಟುಕೊಂಡು ವಿವರಿಸಿದಾಗ ಕಣ್ಣು ತೆರೆಯಿತು. ಐದು ಗುಂಡಿನ ಗುಂಪು ಸರಾಸರಿ 12 ಮಿಲಿಮೀಟರು ಬರುವ ಕೋವಿಯಲ್ಲಿ ಹತ್ತು ಗುಂಡು ಹೊಡೆದರೆ ಗುಂಪು ಸುಮಾರು 15 ಆಗುತ್ತದೆ; ಮೂರಕ್ಕೇ ನಿಲ್ಲಿಸಿದರೆ 9 ಅಥವಾ 10ಕ್ಕೆ ಇಳಿಯುತ್ತದೆ. ಗುಂಡು ಬದಲಾಗಲಿಲ್ಲ, ಎಣಿಕೆ ಮಾತ್ರ ಬದಲಾಯಿತು. ಇನ್ನು ಹತ್ತು ಗುಂಪು ಹೊಡೆದು ಅತ್ಯಂತ ಚಿಕ್ಕದನ್ನಷ್ಟೇ ತೋರಿಸುವವನಿಗೆ ಸರಾಸರಿಯ ಮೂರರಲ್ಲೆರಡು ಭಾಗದಷ್ಟು ಚಿಕ್ಕ ಗುಂಪು ಪ್ರಯತ್ನವಿಲ್ಲದೆಯೇ ದೊರೆಯುತ್ತದೆ. ಅಮೆರಿಕದ ಆ ನಾಣ್ಯದ ಹಿಂದೆ ಎಷ್ಟು ಹಾಳೆಗಳು ಬುಟ್ಟಿ ಸೇರಿದ್ದವೋ!

ಹತ್ತಿರದ ಪರೀಕ್ಷೆಯಿಂದ ದೂರದ ಗುಣ ತಿಳಿಯುತ್ತದೆಂಬುದೂ ಭ್ರಮೆ. 100 ಗಜ ಹೋಗುವಷ್ಟರಲ್ಲಿ ಸ್ಲಗ್ 60 ಸೆಂಟಿಮೀಟರಿನಷ್ಟು ಕೆಳಗಿಳಿಯುತ್ತದೆ. ಹೊರಡುವ ವೇಗದಲ್ಲಿ ನೂರಕ್ಕೆ ಒಂದರಷ್ಟು, ಎಂದರೆ ಸೆಕೆಂಡಿಗೆ 3 ಮೀಟರಿನಷ್ಟು, ವ್ಯತ್ಯಾಸವಾದರೂ ಅಲ್ಲಿ ಒಂದು ಸೆಂಟಿಮೀಟರಿಗೂ ಮಿಕ್ಕಿ ಮೇಲೆ ಕೆಳಗೆ ಆಗುತ್ತದೆ. ಅದೇ ವ್ಯತ್ಯಾಸ 10 ಮೀಟರಿನಲ್ಲಿ ಕಣ್ಣಿಗೂ ಕಾಣದು. ದೂರಕ್ಕೆ ಬೇಕಾದ ಗುಂಡನ್ನು ದೂರದಲ್ಲೇ, ವೇಗಮಾಪಕವನ್ನಿಟ್ಟು ಪರೀಕ್ಷಿಸಬೇಕು.

ಈಗ ನಾವು ಅನುಸರಿಸುವ ಕ್ರಮ ಸರಳ. ಗುಂಡಿನ ಬಗೆ ಬದಲಿಸಿದಾಗ ಮೊದಲ ಹತ್ತಿಪ್ಪತ್ತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಳಿಗೆಗೆ ಹೊಸ ಸೀಸ ಒಗ್ಗಬೇಕು. ಬಳಿಕ ಹತ್ತು ಇದು, ಹತ್ತು ಅದು ಎಂದು ಸರದಿಯಂತೆ, ಬೇರೆ ಬೇರೆ ದಿನ. ತುಂಬುವವರಿಗೆ ಮಾತ್ರ ಗುಂಡಿನ ಹೆಸರು ಗೊತ್ತು. ಕೈ ತಪ್ಪಿತೆಂದು ಹೇಳುವವರು ಕಾಗದ ನೋಡುವ ಮೊದಲೇ ಹೇಳಬೇಕು. ನೋಡಿದ ಮೇಲೆ ಯಾವ ತೂತನ್ನೂ ಬಿಡುವಂತಿಲ್ಲ. ಎಲ್ಲ ಹಾಳೆಗಳನ್ನೂ ಕಾಪಿಡಬೇಕು. ಸೀಸ ಮುಟ್ಟಿದ ಕೈ ತೊಳೆಯದೆ ತಿಂಡಿ ಮುಟ್ಟಬಾರದು. ಇದು ಪರೀಕ್ಷೆಗೆ ಸಂಬಂಧಿಸಿದ್ದಲ್ಲ, ಆದರೂ ಹೇಳಿದ್ದು ಒಳ್ಳೆಯದು. ಈ ರೀತಿ ಒಂದು ತಿಂಗಳು ನೋಡಿದಾಗ ಪರದೇಶದ ಗುಂಡು ನಿಜವಾಗಿಯೂ ತುಸು ಮೇಲೆಂದು ಕಂಡಿತು. ಅದನ್ನು ಮುಚ್ಚಿಡಲಾರೆ. ಆದರೆ ಆ ಮೇಲ್ಮೆ ಮೂರು ಪಟ್ಟು ಬೆಲೆಗೆ ತಕ್ಕದ್ದಾಗಿರಲಿಲ್ಲ. ಪಂದ್ಯಕ್ಕೆ ಒಂದು ಡಬ್ಬಿ, ಅಭ್ಯಾಸಕ್ಕೆ ನಮ್ಮದೇ ಎಂದು ಇತ್ಯರ್ಥವಾಯಿತು.

ಊರಿಗೆ ಹೋದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರಿಗೆ ವಿಚಲನೆಯ ಸೂತ್ರ ಬೇಕಾಗಲಿಲ್ಲ. 'ನೋಡಮ್ಮ, ಕಾಫಿ ಕೊಳ್ಳೋಕೆ ಬಂದವನು ಔಟ್‌ಟರ್ನ್ ನೋಡುವಾಗ ಮೂಟೆ ಬಾಯಿಂದ ಒಂದು ಹಿಡಿ ತೆಗೆದು ತೀರ್ಮಾನ ಮಾಡಿದರೆ ಯಾರಾದರೂ ಒಪ್ತಾರಾ? ಮೇಲೆ, ನಡುವೆ, ತಳದಲ್ಲಿ ತೆಗೆದು ಕಲಸಬೇಕು. ಹತ್ತು ಮೂಟೆಯಿಂದ ತೆಗೀಬೇಕು' ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಜನರನ್ನ ಆರಿಸುವಾಗ ಮಾತ್ರ ಒಂದೇ ಹಿಡಿ' ಎಂದರು. ಅವರು ಯಾವುದನ್ನು ನೆನೆದು ಹಾಗೆಂದರೋ ಕೇಳಲಿಲ್ಲ. ನನಗೆ ಬೇರೊಂದು ನೆನಪಾಗಿ ಮುಖ ಬಾಡಿತು.

ಅಂತರಕಾಲೇಜು ಪಂದ್ಯಕ್ಕೆ ನಮ್ಮಲ್ಲಿ ಒಬ್ಬ ವಿದ್ಯಾರ್ಥಿನಿಗೆ ಮಾತ್ರ ಸ್ಥಾನ. ಆಯ್ಕೆ ನಡೆದದ್ದು ಒಂದು ಮಧ್ಯಾಹ್ನ, ಐದೈದು ಗುಂಡಿನಲ್ಲಿ. ಎರಡು ಅಂಕಗಳಿಂದ ನಾನು ಗೆದ್ದೆ. ಸೋತವಳು ಪ್ರಥಮ ವರ್ಷದ ಹುಡುಗಿ. 'ಅಕ್ಕ, ನನಗೆ ಇದು ಬರೋದಿಲ್ಲ ಬಿಡಿ' ಎಂದು ಹೇಳಿ ಹೋದವಳು ಮತ್ತೆ ಅಭ್ಯಾಸಕ್ಕೆ ಬರಲಿಲ್ಲ. ಗುಂಡಿನ ಪರೀಕ್ಷೆಗೆಂದು ಹಳೆಯ ಹಾಳೆಗಳನ್ನು ಒಟ್ಟುಗೂಡಿಸುವಾಗ ಅವಳ ಹಾಳೆಗಳೂ ಸಿಕ್ಕಿದವು. ಎರಡು ತಿಂಗಳ ಸರಾಸರಿಯಲ್ಲಿ ಅವಳು ನನಗಿಂತ ಮೇಲಿದ್ದಳು. ಒಲಿಂಪಿಕ್ಸಿನ 10 ಮೀಟರು ರೈಫಲ್ ಪಂದ್ಯದಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರು ಮಾತ್ರ. ಅಂಥವರನ್ನೂ ಅಂತಿಮ ಸುತ್ತಿಗೆ ಆರಿಸಲು 60 ಗುಂಡು ಹೊಡೆಸುತ್ತಾರೆ. ಡಬ್ಬಿಯ ಬೆಲೆಗಾಗಿ ಒಂದು ತಿಂಗಳು ಪರೀಕ್ಷೆ ನಡೆಸಿದ ನಾವು ಒಬ್ಬ ಹುಡುಗಿಯನ್ನು ಐದು ಗುಂಡಿನಲ್ಲಿ ತೂಗಿ ಕಳಿಸಿದೆವು. ಗೆದ್ದವಳಾಗಿದ್ದ ನಾನು ಅಂದು ಆ ಲೆಕ್ಕವನ್ನು ಪ್ರಶ್ನಿಸಲಿಲ್ಲವೆಂಬುದನ್ನೂ ಬರೆಯಬೇಕು.

ಹಾಳೆಗಳನ್ನು ದೈಹಿಕ ಶಿಕ್ಷಣದ ಅಧ್ಯಾಪಕರ ಮುಂದಿಟ್ಟೆ. ಅವರು ಬಹಳ ಹೊತ್ತು ನೋಡಿ, ಎರಡು ದಿನಗಳಲ್ಲಿ ಇಪ್ಪತ್ತಿಪ್ಪತ್ತರಂತೆ 40 ಗುಂಡಿನ ಮರು ಆಯ್ಕೆಗೆ ಒಪ್ಪಿದರು. ಅವಳನ್ನು ಹಾಸ್ಟೆಲಿನಿಂದ ಕರೆತರಲು ನಾನು ಮೂರು ಸಲ ಹೋಗಬೇಕಾಯಿತು. ಮೊದಲ ದಿನದ ಇಪ್ಪತ್ತು ಮುಗಿದಿವೆ. ಅವಳು ನನಗಿಂತ ಮೂರು ಅಂಕ ಮುಂದಿದ್ದಾಳೆ. ಉಳಿದ ಇಪ್ಪತ್ತು ಬರುವ ಸೋಮವಾರ.