ಸೋತವರು ಎದ್ದು ಹೋಗದ ಸಭೆ

ಡೆಬಿಯನ್ ಎಂಬ ಸಾಫ್ಟ್‌ವೇರ್ ಯೋಜನೆಗೆ ತನ್ನದೇ ಆದ ಸಂವಿಧಾನವಿದೆ. 1998ರ ಡಿಸೆಂಬರಿನಲ್ಲಿ ಜಾರಿಗೆ ಬಂದದ್ದು. ಚುನಾವಣೆ, ಅಧಿಕಾರ, ಸಮಿತಿಗಳ ವಿವರಕ್ಕೆ ಹೋಗುವ ಮೊದಲೇ ಅದು ಒಂದು ಮಾತನ್ನು ಖಚಿತಪಡಿಸಿಬಿಡುತ್ತದೆ: ಯೋಜನೆಗಾಗಿ ಕೆಲಸ ಮಾಡಲೇಬೇಕೆಂದು ಯಾರ ಮೇಲೂ ಒತ್ತಾಯವಿಲ್ಲ, ವಹಿಸಿಕೊಟ್ಟ ಕೆಲಸ ಬೇಡವೆನಿಸಿದರೆ ಬಿಡಬಹುದು, ಆದರೆ ನಿಯಮದ ಪ್ರಕಾರ ಆದ ತೀರ್ಮಾನಕ್ಕೆ ಅಡ್ಡಗಾಲು ಹಾಕುವಂತಿಲ್ಲ.

ಸಂಬಳವಿಲ್ಲ, ಬಡ್ತಿಯಿಲ್ಲ, ಮೇಲಧಿಕಾರಿಯಿಲ್ಲ. ‘ಮಾಡು’ ಎಂದು ಅಪ್ಪಣೆ ಕೊಡುವ ಹಕ್ಕೇ ಯಾರಿಗೂ ಇಲ್ಲದ ಕಡೆ, ಹತ್ತಾರು ದೇಶಗಳ ಸುಮಾರು ಸಾವಿರ ಜನ ಸದಸ್ಯರು 1993ರಿಂದ ಒಂದು ಆಪರೇಟಿಂಗ್ ಸಿಸ್ಟಮ್ ಕಟ್ಟುತ್ತ ಬಂದಿದ್ದಾರೆ. ಉಬುಂಟು ನಿಂತಿರುವುದು ಇದರ ಮೇಲೆ. ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ತರುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನೊಳಗೆ ಓಡುವುದೂ ಇದರದೇ ರೂಪ. ಬೆಂಗಳೂರಿನ ಯಾವುದೇ ಐಟಿ ಕಂಪನಿಯ ಸರ್ವರ್ ನೋಡಿಕೊಳ್ಳುವ ಹುಡುಗ ಹುಡುಗಿಯರನ್ನು ಕೇಳಿ, ಡೆಬಿಯನ್ ಗೊತ್ತಿಲ್ಲ ಎನ್ನುವವರು ಸಿಗುವುದು ಕಷ್ಟ. ಅದರ ಕೋಡ್ ಬಗ್ಗೆ ಬರೆಯುವವರು ಬಹಳ ಮಂದಿ ಇದ್ದಾರೆ. ನನಗೆ ಬೇಕಿರುವುದು ಅದರ ಆಡಳಿತ. ಸಂಘ ಕಟ್ಟುವುದರಲ್ಲಿ ಮುಂದು, ಕಟ್ಟಿದ್ದನ್ನು ಒಡೆದುಕೊಳ್ಳುವುದರಲ್ಲಿ ಇನ್ನೂ ಮುಂದು ಎನ್ನುವಂತಿರುವ ನಮಗೆ ಅದರಿಂದ ಕಲಿಯುವುದಿದೆ.

ಅಲ್ಲಿ ಒಬ್ಬ ನಾಯಕರನ್ನು ಪ್ರತಿ ವರ್ಷ ಆರಿಸುತ್ತಾರೆ. ಅವಧಿ ಒಂದೇ ವರ್ಷ. ನಾಯಕರು ಯೋಜನೆಯ ಪರವಾಗಿ ಮಾತಾಡಬಹುದು, ಹಣ ಹೇಗೆ ಖರ್ಚಾಗಬೇಕೆಂದು ಹೇಳಬಹುದು, ಬೇರೆಬೇರೆ ಹೊಣೆಗಳಿಗೆ ಪ್ರತಿನಿಧಿಗಳನ್ನು ನೇಮಿಸಬಹುದು. ಇಲ್ಲಿಗೆ ನಿಲ್ಲಬೇಕು. ನೇಮಿಸಿದ ಮೇಲೆ ಆ ಪ್ರತಿನಿಧಿ ಕೈಗೊಂಡ ತೀರ್ಮಾನವನ್ನು ನಾಯಕರು ರದ್ದು ಮಾಡುವಂತಿಲ್ಲ. ‘ಇಂಥ ತೀರ್ಮಾನ ಕೊಡುವುದಾದರೆ ಮಾತ್ರ ಈ ಹುದ್ದೆ’ ಎಂಬ ಷರತ್ತನ್ನೂ ಹಾಕುವಂತಿಲ್ಲ. ಬರೆದಿಟ್ಟ ನಿಯಮ ಇದು. ಅಧ್ಯಕ್ಷರ ಫೋನ್ ಬಂದ ತಕ್ಷಣ ಉಪಸಮಿತಿಯ ವರದಿ ತಿರುವುಮುರುವಾಗುವುದನ್ನು ಕಂಡವರಿಗೆಲ್ಲ ಈ ಒಂದು ಸಾಲಿನ ಬೆಲೆ ಗೊತ್ತಾಗುತ್ತದೆ.

ಮತಪತ್ರವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಒಬ್ಬೊಬ್ಬ ಅಭ್ಯರ್ಥಿಯ ಹೆಸರಿನ ಮುಂದೆಯೂ ಒಂದು ಖಾಲಿ ಚೌಕ. ಅಲ್ಲಿ ಟಿಕ್ ಹಾಕುವುದಲ್ಲ, 1, 2, 3 ಎಂದು ನಿಮ್ಮ ಇಷ್ಟದ ಕ್ರಮವನ್ನು ಬರೆಯಬೇಕು. ಎಣಿಸುವಾಗ ಪ್ರತಿಯೊಬ್ಬರನ್ನೂ ಉಳಿದ ಪ್ರತಿಯೊಬ್ಬರ ಎದುರು ನಿಲ್ಲಿಸಿ ನೋಡುತ್ತಾರೆ: ಇವರಿಬ್ಬರಲ್ಲಿ ಹೆಚ್ಚು ಜನ ಯಾರನ್ನು ಮೇಲಿಟ್ಟಿದ್ದಾರೆ? ಎಲ್ಲ ಜೋಡಿಯಲ್ಲೂ ಗೆದ್ದವರೇ ನಾಯಕರು. ಹಾಗಾಗಿ ಒಂದೇ ಮನಸ್ಸಿನ ಇಬ್ಬರು ನಿಂತು ಮತ ಹಂಚಿಹೋಗಿ, ಬಹುಮಂದಿಗೆ ಬೇಡವಾದ ಮೂರನೆಯವರು ಗೆಲ್ಲುವ ಪ್ರಸಂಗ ಅಲ್ಲಿ ಬರುವುದು ಬಹಳ ಕಷ್ಟ. ಮತಪತ್ರದ ಕೊನೆಯ ಸಾಲು ‘ಮೇಲಿನ ಯಾರೂ ಬೇಡ’. ಅದಕ್ಕೂ ಒಂದು ಚೌಕವಿದೆ, ಅದನ್ನೂ ನಿಮ್ಮ ಕ್ರಮದಲ್ಲಿ ಎಲ್ಲಿ ಬೇಕಾದರೂ ಇಡಬಹುದು. ಒಟ್ಟು ಎಣಿಕೆಯಲ್ಲಿ ಅದರ ಕೆಳಗೆ ಬಿದ್ದ ಅಭ್ಯರ್ಥಿ ಅಲ್ಲಿಗೆ ಔಟ್. ಎಲ್ಲರೂ ಅದರ ಕೆಳಗೆ ಬಿದ್ದರೆ ಚುನಾವಣೆಯೇ ಹೊಸದಾಗಿ ನಡೆಯುತ್ತದೆ.

ನಮ್ಮಲ್ಲೂ ನೋಟಾ ಇದೆ, 2013ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದದ್ದು. ಆದರೆ ಲೋಕಸಭೆ, ವಿಧಾನಸಭೆ ಚುನಾವಣೆಗಳಲ್ಲಿ ನೋಟಾಗೆ ಎಷ್ಟೇ ಮತ ಬಿದ್ದರೂ ಅಭ್ಯರ್ಥಿಗಳಲ್ಲಿ ಮುಂದಿದ್ದವರೇ ಗೆದ್ದಂತೆ. 2024ರಲ್ಲಿ ಇಂದೋರಿನಲ್ಲಿ 2 ಲಕ್ಷಕ್ಕೂ ಹೆಚ್ಚು ಜನ ನೋಟಾ ಒತ್ತಿದರು, ಅದು ಎರಡನೇ ಸ್ಥಾನಕ್ಕೆ ಬಂತು. ಅಷ್ಟು ಜನರ ಸಿಟ್ಟು ಅಂಕಿಯಾಗಿ ಉಳಿಯಿತೇ ಹೊರತು ಅದಕ್ಕೆ ಬಲ ಬರಲಿಲ್ಲ. ‘ಬೇಡ’ ಎನ್ನುವುದನ್ನು ಎಣಿಸುವ ಮೇಲೆ ಅದಕ್ಕೆ ಗೆಲ್ಲುವ ಅವಕಾಶವನ್ನೂ ಕೊಡಬೇಕು ಎಂಬುದು ನನ್ನ ವಾದ. ಸಾವಿರ ಜನರ ಕೂಟದಲ್ಲಿ ಸಾಧ್ಯವಾದದ್ದು ಕೋಟ್ಯಂತರ ಮತದಾರರ ದೇಶದಲ್ಲಿ ನಾಳೆಯೇ ಆಗದಿರಬಹುದು. ಬಡಾವಣೆ ಸಂಘದಲ್ಲಿ ಆಗಬಹುದಲ್ಲ?

ಕೋರಂ ಲೆಕ್ಕವೂ ನನಗೆ ಬಹಳ ಹಿಡಿಸಿತು. ಒಟ್ಟು ಸದಸ್ಯರ ಸಂಖ್ಯೆಯ ವರ್ಗಮೂಲ ತೆಗೆದು, ಅದರ ಅರ್ಧವನ್ನು ಮೂರರಿಂದ ಗುಣಿಸಬೇಕು. ಸಾವಿರ ಸದಸ್ಯರಿದ್ದರೆ ಸುಮಾರು 47 ಬರುತ್ತದೆ. ಒಂದು ಪ್ರಸ್ತಾವ ಗೆಲ್ಲಬೇಕಾದರೆ ‘ಯಾವುದೂ ಬೇಡ’ ಎಂಬುದಕ್ಕಿಂತ ಇದೇ ಮೇಲು ಎಂದು ಕಡಿಮೆಯೆಂದರೂ ಅಷ್ಟು ಜನ ಬರೆದಿರಬೇಕು. ಸದಸ್ಯರು ನಾಲ್ಕು ಪಟ್ಟು ಹೆಚ್ಚಿದರೂ ಕೋರಂ ಎರಡು ಪಟ್ಟಷ್ಟೇ ಏರುತ್ತದೆ. ನಮ್ಮ ಎಷ್ಟೋ ಸಂಘಗಳ ಮಹಾಸಭೆಯಲ್ಲಿ ಕೋರಂ ಸಾಲದೆ ಅರ್ಧ ಗಂಟೆ ಮುಂದೂಡಿ, ಅದೇ ಕುರ್ಚಿಗಳಲ್ಲಿ ಅದೇ ಜನ ಕೂತು ಎಲ್ಲವನ್ನೂ ಅಂಗೀಕರಿಸುತ್ತಾರೆ. ಮುಟ್ಟಲಾಗದ ಕೋರಂ ಇಟ್ಟುಕೊಂಡು ಅದನ್ನು ದಾಟಲು ಕಳ್ಳದಾರಿ ಇಡುವುದಕ್ಕಿಂತ, ಮುಟ್ಟಬಹುದಾದ ಕೋರಂ ಇಟ್ಟು ಅದನ್ನು ಕಡ್ಡಾಯ ಮಾಡುವುದು ಸಾವಿರ ಪಾಲು ಮೇಲು.

ಇಷ್ಟೆಲ್ಲ ನಿಯಮಗಳು ನಿಜವಾದ ಜಗಳದಲ್ಲಿ ತಡೆದುಕೊಳ್ಳುತ್ತವೆಯೇ? ಡೆಬಿಯನ್ ಅತಿ ಕೆಟ್ಟ ಜಗಳವನ್ನು ಕಂಡದ್ದು 2014ರಲ್ಲಿ.

ಕಂಪ್ಯೂಟರಿನ ಸ್ವಿಚ್ ಒತ್ತಿದ ಮೇಲೆ ಉಳಿದೆಲ್ಲ ಪ್ರೋಗ್ರಾಮುಗಳನ್ನು ಒಂದೊಂದಾಗಿ ಎಬ್ಬಿಸುವ ಒಂದು ಪ್ರೋಗ್ರಾಮ್ ಇರುತ್ತದೆ. ಹಳೆಯದನ್ನು ಬಿಟ್ಟು ಹೊಸದಕ್ಕೆ ಹೋಗುವ ಕಾಲ ಬಂದಿತ್ತು. ಕಣದಲ್ಲಿ ಮುಖ್ಯವಾಗಿ ಎರಡು: ಹೆಚ್ಚಾಗಿ ರೆಡ್ ಹ್ಯಾಟ್ ಕಂಪನಿಯ ಎಂಜಿನಿಯರುಗಳು ಬೆಳೆಸಿದ ಸಿಸ್ಟಮ್‌ಡಿ, ಉಬುಂಟು ಹಿಂದಿರುವ ಕ್ಯಾನೊನಿಕಲ್ ಕಂಪನಿಯ ಅಪ್‌ಸ್ಟಾರ್ಟ್. ಹೊರಗಿನವರಿಗೆ ಇದು ಕೂದಲು ಸೀಳುವ ವಾದ. ಒಳಗಿನವರಿಗೆ ಅದು ಇಡೀ ವ್ಯವಸ್ಥೆಯ ಬೀಗದ ಕೈ ಯಾರ ಹತ್ತಿರ ಇರಬೇಕೆಂಬ ಪ್ರಶ್ನೆ. ತಾಂತ್ರಿಕ ಸಮಿತಿಯ ಎಂಟು ಜನರ ಮುಂದೆ ವಿಷಯ ಬಂತು. ಮತ ಸರಿಯಾಗಿ ನಾಲ್ಕು ನಾಲ್ಕು. ಅಧ್ಯಕ್ಷ ಬಿಡೇಲ್ ಗಾರ್ಬಿ ಅವರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಗೆದ್ದಿತು. ಅದು ಫೆಬ್ರವರಿ ತಿಂಗಳು. ಕೆಲವೇ ದಿನಗಳಲ್ಲಿ ಉಬುಂಟು ಸ್ಥಾಪಕ ಮಾರ್ಕ್ ಶಟಲ್‌ವರ್ತ್ ತಾವೂ ಡೆಬಿಯನ್ ಹಾದಿಯನ್ನೇ ಹಿಡಿಯುವುದಾಗಿ ಪ್ರಕಟಿಸಿದರು. ತಮ್ಮದೇ ಕಂಪನಿಯ ಕೂಸನ್ನು ಕೈಬಿಟ್ಟು ಹಾಗೆ ಒಪ್ಪಿಕೊಳ್ಳಲು ಗಟ್ಟಿ ಮನಸ್ಸು ಬೇಕು.

ಆದರೆ ಡೆಬಿಯನ್ ಒಳಗೆ ಬೆಂಕಿ ಆರಲಿಲ್ಲ. ಸಮಿತಿಯಲ್ಲಿ ಕೆಲವರು ಕ್ಯಾನೊನಿಕಲ್ ನೌಕರರು ಎಂಬ ಆಕ್ಷೇಪ ಮೊದಲೇ ಇತ್ತು. ಒಂದು ಮತದಿಂದ ಇಷ್ಟು ದೊಡ್ಡ ವಿಷಯ ಮುಗಿದುಬಿಡಬೇಕೆ ಎಂಬ ಸಂಕಟ ಇನ್ನು ಕೆಲವರದು. ಆ ವರ್ಷವೇ ಸಮಿತಿಯ ಸದಸ್ಯ ಇಯನ್ ಜಾಕ್ಸನ್ ಎಲ್ಲ ಸದಸ್ಯರ ಮತದಾನಕ್ಕೆ ಒಂದು ನಿರ್ಣಯ ತಂದರು: ಬೇರೆ ಸಾಫ್ಟ್‌ವೇರುಗಳು ಸಿಸ್ಟಮ್‌ಡಿ ಇದ್ದರೆ ಮಾತ್ರ ಓಡುವಂತೆ ಇರಬಾರದು. ಡೆಬಿಯನ್ ಸಂವಿಧಾನವನ್ನು ರೂಪಿಸುವುದರಲ್ಲಿ ಮುಖ್ಯ ಕೈ ಅವರದೇ. ಅದರ ಪ್ರಕಾರ ಪ್ರಸ್ತಾವ ಒಬ್ಬರು ಮುಂದಿಟ್ಟು ಐವರು ಬೆಂಬಲಿಸಿದರೆ ಸಾಕು, ಅದನ್ನು ಇಡೀ ಸದಸ್ಯವರ್ಗದ ಮತಕ್ಕೆ ಹಾಕಲೇಬೇಕು. ನವೆಂಬರಿನಲ್ಲಿ ಫಲಿತಾಂಶ ಬಂತು. ಗೆದ್ದದ್ದು ಪರವೂ ಅಲ್ಲ, ವಿರೋಧವೂ ಅಲ್ಲ. ‘ಇದಕ್ಕೆ ಸಾರ್ವತ್ರಿಕ ನಿರ್ಣಯದ ಅಗತ್ಯವಿಲ್ಲ’ ಎಂಬ ಆಯ್ಕೆ. ಕೆಲಸ ಮಾಡುವವರು ತಮ್ಮತಮ್ಮಲ್ಲೇ ಬಗೆಹರಿಸಿಕೊಳ್ಳಲಿ, ಮೇಲಿನಿಂದ ಕಟ್ಟಪ್ಪಣೆ ಬೇಡ ಎಂದು ಬಹುಮತ ಹೇಳಿತು.

ಜಾಕ್ಸನ್ ಸಮಿತಿಗೆ ರಾಜೀನಾಮೆ ಕೊಟ್ಟರು. ಮತ್ತೆ ಕೆಲವರೂ ದಣಿದು ಹುದ್ದೆ ಬಿಟ್ಟರು. ಬಹುಕಾಲದ ಸದಸ್ಯ ಜೋಯಿ ಹೆಸ್ ಡೆಬಿಯನ್ನನ್ನೇ ಬಿಟ್ಟು ಹೋದರು. ಒಂದು ಗುಂಪು ಡೆಬಿಯನ್ ಕೋಡನ್ನು ಪೂರ್ತಿಯಾಗಿ ನಕಲು ಮಾಡಿಕೊಂಡು, ಸಿಸ್ಟಮ್‌ಡಿ ತೆಗೆದುಹಾಕಿ ದೇವುವಾನ್ ಎಂಬ ಬೇರೆ ಮನೆ ಹೂಡಿತು. ಅದರ ಮೊದಲ ಸ್ಥಿರ ಆವೃತ್ತಿ 2017ರಲ್ಲಿ ಬಂತು. ಓಪನ್ ಸೋರ್ಸ್‌ನಲ್ಲಿ ಇದು ದ್ರೋಹವಲ್ಲ, ಪರವಾನಗಿಯೇ ಕೊಟ್ಟಿರುವ ಹಕ್ಕು. ಹೋಗುವವರು ಆಸ್ತಿಯ ಪಾಲಿಗೆ ಕೋರ್ಟು ಹತ್ತಬೇಕಿಲ್ಲ, ಇಡೀ ಆಸ್ತಿಯೇ ಅವರ ಜೊತೆ ಹೋಗುತ್ತದೆ, ಇಲ್ಲಿಯೂ ಉಳಿಯುತ್ತದೆ. ಈ ಹಕ್ಕು ತಲೆಯ ಮೇಲೆ ತೂಗುತ್ತಿರುವುದರಿಂದಲೇ ಗೆದ್ದವರು ಮೈಮರೆಯುವಂತಿಲ್ಲ.

ನಾನು ಒತ್ತಿ ಹೇಳಬೇಕೆಂದಿರುವುದು ಉಳಿದವರ ಬಗ್ಗೆ. ಜಾಕ್ಸನ್ ಸಮಿತಿ ಬಿಟ್ಟರು, ಡೆಬಿಯನ್ ಬಿಡಲಿಲ್ಲ. ಸೋತ ಕಡೆಯ ಬಹುಪಾಲು ಜನ ತಮ್ಮ ಪ್ಯಾಕೇಜುಗಳ ಕೆಲಸಕ್ಕೆ ಮರಳಿದರು. ಅದೇ ಡಿಸೆಂಬರಿನಲ್ಲಿ ಇನ್ನೊಂದು ನಿರ್ಣಯವಾಗಿ ತಾಂತ್ರಿಕ ಸಮಿತಿಯ ಸದಸ್ಯತ್ವಕ್ಕೆ ಅವಧಿಯ ಮಿತಿ ಬಂತು. ಅಲ್ಲಿಯತನಕ ಒಮ್ಮೆ ಕೂತವರು ಎಷ್ಟು ವರ್ಷವಾದರೂ ಕೂರಬಹುದಿತ್ತು. 2019ರಲ್ಲಿ ಸಿಸ್ಟಮ್‌ಡಿ ಪ್ರಶ್ನೆಯನ್ನು ಮತ್ತೆ ಮತಕ್ಕೆ ಹಾಕಿ, ಅದೇ ಮುಖ್ಯ, ಬೇರೆ ದಾರಿ ಹುಡುಕುವವರಿಗೂ ಬೆಂಬಲವಿದೆ ಎಂದು ತೀರ್ಮಾನಿಸಿದರು. ಗೆದ್ದವರ ಸಂಭ್ರಮ ನೋಡಿದರೆ ಒಂದು ಕೂಟದ ಆಡಳಿತ ಹೇಗಿದೆ ಎಂದು ತಿಳಿಯುವುದಿಲ್ಲ. ಸೋತವರು ‘ಮೋಸವಾಯಿತು’ ಎನ್ನುತ್ತಾರೋ, ‘ಸೋತೆವು’ ಎನ್ನುತ್ತಾರೋ, ಅದನ್ನು ಕೇಳಬೇಕು.

ಮತದ ಗುಟ್ಟಿನ ವಿಷಯವೂ ಹೀಗೇ ಅನುಭವದಿಂದ ಬಂದದ್ದು. ಮೊದಲು ನಿರ್ಣಯಗಳ ಮೇಲೆ ಯಾರು ಹೇಗೆ ಮತ ಹಾಕಿದರೆಂದು ಹೆಸರು ಸಮೇತ ಪ್ರಕಟಿಸುತ್ತಿದ್ದರು. 2021ರಲ್ಲಿ, ಸ್ವತಂತ್ರ ಸಾಫ್ಟ್‌ವೇರ್ ಚಳವಳಿ ಹುಟ್ಟುಹಾಕಿದ ರಿಚರ್ಡ್ ಸ್ಟಾಲ್ಮನ್ ಬಗ್ಗೆ ಹೇಳಿಕೆ ಕೊಡಬೇಕೋ ಬೇಡವೋ ಎಂಬ ಬಿಸಿ ಮತದಾನದ ವೇಳೆ, ಹೆಸರು ಬಯಲಾದರೆ ಕಿರುಕುಳವಾಗಬಹುದೆಂಬ ಭಯ ಎದ್ದಿತು. ಮರುವರ್ಷ ಸಂವಿಧಾನ ತಿದ್ದಿ ಗುಪ್ತ ಮತದಾನ ತಂದರು. ಹಾಗೆಂದು ಎಣಿಕೆಯನ್ನು ಕತ್ತಲಲ್ಲಿ ಇಡಲಿಲ್ಲ. ಮತ ಹಾಕಿದವರಿಗೆ ಅವರಿಗಷ್ಟೇ ತಿಳಿಯುವ ಒಂದು ಸಂಕೇತ ಬರುತ್ತದೆ; ಪ್ರಕಟವಾದ ಪಟ್ಟಿಯಲ್ಲಿ ಅದನ್ನು ಹುಡುಕಿ, ತಮ್ಮ ಮತ ಹಾಕಿದ ಹಾಗೆಯೇ ಲೆಕ್ಕಕ್ಕೆ ಬಂದಿದೆಯೇ ಎಂದು ತಾವೇ ನೋಡಿಕೊಳ್ಳಬಹುದು.

ಎಲ್ಲ ಯೋಜನೆಗಳೂ ಹೀಗೆ ಮೊದಲೇ ಸಂವಿಧಾನ ಬರೆದುಕೊಂಡಿರುವುದಿಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅದನ್ನು ಹುಟ್ಟಿಸಿದ ಗಿಡೊ ವಾನ್ ರೋಸಮ್ ಅವರದೇ ಕೊನೆಯ ಮಾತಾಗಿತ್ತು. 2018ರಲ್ಲಿ ಒಂದು ಸಣ್ಣ ಹೊಸ ಚಿಹ್ನೆಯನ್ನು ಭಾಷೆಗೆ ಸೇರಿಸುವ ವಿಷಯದಲ್ಲಿ ವಾದ ಎಷ್ಟು ಕಹಿಯಾಯಿತೆಂದರೆ, ಗೆದ್ದ ಮೇಲೂ ಅವರು ಜುಲೈನಲ್ಲಿ ಸ್ಥಾನ ಬಿಟ್ಟರು. ಉತ್ತರಾಧಿಕಾರಿಯನ್ನು ನೇಮಿಸಲಿಲ್ಲ, ನೀವೇ ದಾರಿ ಕಂಡುಕೊಳ್ಳಿ ಎಂದರು. ಏಳು ಬಗೆಯ ಆಡಳಿತದ ಕರಡುಗಳು ಮತಕ್ಕೆ ಬಂದು, ಐವರ ಚುನಾಯಿತ ಮಂಡಳಿ ಗೆದ್ದಿತು. ಒಂದೇ ಕಂಪನಿಯ ನೌಕರರು ಇಬ್ಬರಿಗಿಂತ ಹೆಚ್ಚು ಅದರಲ್ಲಿ ಇರುವಂತಿಲ್ಲ ಎಂಬ ನಿಯಮ ನನ್ನ ಕಣ್ಣಿಗೆ ಅತಿ ಮುಖ್ಯ. ಗಿಡೊ ಮೊದಲ ಮಂಡಳಿಗೆ ಎಲ್ಲರಂತೆ ನಿಂತು ಗೆದ್ದರು. ಒಂದು ಮತವಿರುವ ಐವರಲ್ಲಿ ಒಬ್ಬರಾದರು.

ನನ್ನ ಆತಂಕವಿರುವುದು ಇವೆರಡರ ಬಗ್ಗೆ ಅಲ್ಲ. ಮಂಡಳಿಯೂ ಇಲ್ಲದ, ಸಂವಿಧಾನವೂ ಇಲ್ಲದ, ಒಬ್ಬರೋ ಇಬ್ಬರೋ ಬಿಡುವಿನಲ್ಲಿ ನೋಡಿಕೊಳ್ಳುವ ಸಾವಿರಾರು ಸಣ್ಣ ಯೋಜನೆಗಳಿವೆ. ದೊಡ್ಡ ಕಂಪನಿಗಳ ಸರ್ವರುಗಳು ಅವುಗಳ ಮೇಲೂ ನಿಂತಿವೆ. ಫೈಲುಗಳ ಗಾತ್ರ ಕುಗ್ಗಿಸುವ ಎಕ್ಸ್‌ಝಡ್ ಅಂಥದ್ದೊಂದು. ಅದನ್ನು ನೋಡಿಕೊಳ್ಳುತ್ತಿದ್ದ ಸ್ವಯಂಸೇವಕ ದಣಿದಿದ್ದರು. ಜಿಯಾ ಟಾನ್ ಎಂಬ ಹೆಸರಿನ ಯಾರೋ ಎರಡು ವರ್ಷಕ್ಕೂ ಮಿಕ್ಕಿ ಶ್ರದ್ಧೆಯಿಂದ ಕೆಲಸ ಮಾಡಿ ನಂಬಿಕೆ ಗಳಿಸಿದರು. ಇದೇ ವೇಳೆಗೆ ಬೇರೆ ಹೆಸರುಗಳಿಂದ ‘ನೀವು ನಿಧಾನ, ಹೊಣೆ ಬೇರೆಯವರಿಗೆ ಕೊಡಿ’ ಎಂಬ ಒತ್ತಡ ಬಂತು. ಹೊಣೆ ಕೈಗೆ ಬಂದ ಮೇಲೆ ಆ ವ್ಯಕ್ತಿ ಸಾಫ್ಟ್‌ವೇರಿನೊಳಗೆ ಒಂದು ಕಳ್ಳಬಾಗಿಲು ಇಟ್ಟರು. 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನು ಹತ್ತಿ ಅದನ್ನು ಹಿಡಿದರು. ಆ ವಿಷ ಡೆಬಿಯನ್‌ನ ಪರೀಕ್ಷಾ ಆವೃತ್ತಿಗಳ ತನಕ ಬಂದಿತ್ತು, ಜನ ಬಳಸುವ ಸ್ಥಿರ ಆವೃತ್ತಿಗೆ ಇಳಿದಿರಲಿಲ್ಲ.

ಅಲ್ಲಿ ಆಡಳಿತವೇ ಇರಲಿಲ್ಲ, ಒಬ್ಬ ಮನುಷ್ಯನ ದಣಿವು ಇತ್ತು. ಜೊತೆಗೆ ಇನ್ನಿಬ್ಬರು ನಂಬಿಕಸ್ತರು ನಿಲ್ಲಬೇಕಾದರೆ ಅವರ ಹೊತ್ತಿಗೆ ಯಾರಾದರೂ ದುಡ್ಡು ಕೊಡಬೇಕು. ಬೆಂಗಳೂರಿನ ಷೇರು ವ್ಯವಹಾರ ಕಂಪನಿ ಝೆರೋಧಾ 2024ರಲ್ಲಿ ಇಂಥ ಯೋಜನೆಗಳಿಗಾಗಿಯೇ ವರ್ಷಕ್ಕೆ 10 ಲಕ್ಷ ಡಾಲರಿನ ನಿಧಿ ಘೋಷಿಸಿದ್ದು ಒಳ್ಳೆಯ ಕೆಲಸ. ಈ ಊರಲ್ಲಿ ಇದೇ ಸಾಫ್ಟ್‌ವೇರಿನ ಮೇಲೆ ಕೋಟಿಗಟ್ಟಲೆ ದುಡಿಯುವ ಕಂಪನಿಗಳು ಎಷ್ಟಿವೆ! ತಾವು ಬಳಸುವ ಹತ್ತು ಯೋಜನೆಗಳ ಪಟ್ಟಿ ಮಾಡಿ, ಅವನ್ನು ಯಾರು ನೋಡಿಕೊಳ್ಳುತ್ತಿದ್ದಾರೆಂದು ಒಂದು ದಿನ ಕೂತು ವಿಚಾರಿಸಲಿ. ತಮ್ಮ ನೌಕರರಿಗೆ ವಾರದಲ್ಲಿ ಅರ್ಧ ದಿನ ಆ ಕೆಲಸಕ್ಕೆ ಬಿಟ್ಟುಕೊಡಲಿ.

ಕೋಡ್ ಬರೆಯಲು ಬಾರದವರಿಗೂ ಡೆಬಿಯನ್‌ನಲ್ಲಿ ಜಾಗವಿದೆ. ಪ್ಯಾಕೇಜ್ ಮಾಡದೆ ಅನುವಾದ, ದಾಖಲೆ, ವಿನ್ಯಾಸದ ಕೆಲಸ ಮಾಡುವವರನ್ನೂ ಪೂರ್ಣ ಸದಸ್ಯರಾಗಿ ಬರಮಾಡಿಕೊಳ್ಳುವುದೆಂದು ಡೆಬಿಯನ್ 2010ರಲ್ಲಿ ಮತ ಹಾಕಿ ತೀರ್ಮಾನಿಸಿತು. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳು ಡೆಬಿಯನ್ ಒಳಗೆ ಈಗಾಗಲೇ ಇವೆ, ಇನ್‌ಸ್ಟಾಲ್ ಮಾಡುವಾಗ ಕನ್ನಡವನ್ನು ಆರಿಸಿಕೊಳ್ಳಬಹುದು. ಅನುವಾದದಲ್ಲಿ ಮಾಡುವುದು ಇನ್ನೂ ಬೇಕಷ್ಟಿದೆ. ಸದಸ್ಯರಾಗಬೇಕಾದರೆ ಮೊದಲು ಕೆಲಸ ಮಾಡಿ ತೋರಿಸಬೇಕು. ಆಮೇಲೆ ಹಳೆಯ ಸದಸ್ಯರು ಮುಖಾಮುಖಿ ಭೇಟಿಯಾಗಿ, ಗುರುತಿನ ಚೀಟಿ ನೋಡಿ, ನಿಮ್ಮ ಡಿಜಿಟಲ್ ಕೀಲಿಗೆ ಸಹಿ ಹಾಕುತ್ತಾರೆ. ಇಂಥ ಭೇಟಿಗೆ ಅನುಕೂಲವಾಗುವ ಡೆಬಿಯನ್ ವಾರ್ಷಿಕ ಸಮ್ಮೇಳನ 2023ರಲ್ಲಿ ಪಕ್ಕದ ಕೊಚ್ಚಿಯಲ್ಲೇ ನಡೆಯಿತು. ಒಮ್ಮೆ ಸದಸ್ಯರಾದರೆ, ತುಮಕೂರಿನಲ್ಲೋ ಶಿರಸಿಯಲ್ಲೋ ಕೂತು ಕನ್ನಡಕ್ಕೆ ಅನುವಾದ ಮಾಡುವವರ ಮತಕ್ಕೂ, ಇಪ್ಪತ್ತು ವರ್ಷದಿಂದ ಕೋಡ್ ಬರೆಯುತ್ತಿರುವವರ ಮತಕ್ಕೂ ತೂಕ ಒಂದೇ.