ಹಿರಿಯ ಕೊಳದ ಬಾಳೆಲೆ

ಬೈಕ್ ಕ್ಲಬ್ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ವೇಗ, ದೂರ ಮತ್ತು ಸದ್ದು. ಆದರೆ ಅಂಥ ಬಳಗಗಳ ಜೀವಾಳ ಇರುವುದು ಊಟದ ಪಂಕ್ತಿಯಲ್ಲಿ. ದಾರಿಯಲ್ಲಿ ಪ್ರತಿಯೊಬ್ಬ ಸವಾರನೂ ಹೆಲ್ಮೆಟ್ಟಿನೊಳಗೆ ಒಂಟಿ. ಇಳಿದು ಕುಳಿತಾಗಲೇ ಅವರು ಬಳಗವಾಗುವುದು. ಮಳೆ ಹಿಡಿದ ದಿನವಂತೂ ಊಟವೇ ಪ್ರವಾಸ, ಮಾತೇ ದಾರಿ. ಇಂಥ ಒಂದು ಮಧ್ಯಾಹ್ನ ಕನ್ನಡದ ವಿದ್ಯಾರ್ಥಿಗಳಿಗೆ ತರಗತಿಯಷ್ಟೇ ಬೆಲೆಯುಳ್ಳದ್ದಾಗಬಲ್ಲದು ಎಂಬುದು ನನ್ನ ವಾದ.

ಕರ್ನಾಟಕದಿಂದ ಮುನ್ನಾರು, ಮೇಘಮಲೆ, ತೇಕ್ಕಡಿಗಳ ಕಡೆಗೆ ಹೊರಡುವ ಸವಾರರಲ್ಲಿ ಅನೇಕರು ದಿಂಡಿಗಲ್, ವತ್ತಲಗುಂಡುಗಳನ್ನು ದಾಟಿ ಪೆರಿಯಕುಳಂ ಮಾರ್ಗವಾಗಿ ತೇನಿಗೆ ಇಳಿಯುತ್ತಾರೆ. ರಾಜ್ಯೋತ್ಸವದ ರಜೆಯಲ್ಲಿ ಕೆಲವರ ಬೈಕುಗಳ ಮೇಲೆ ಕೆಂಪು-ಹಳದಿ ಬಾವುಟವೂ ಇರುತ್ತದೆ. ಆ ಸೀಮೆಯಲ್ಲಿ ಅದು ಹಿಂಗಾರಿನ ಕಾಲ. ಕೊಡೈಕಾನಲ್ ಬೆಟ್ಟಗಳಲ್ಲಿ ಮಳೆ ಜೋರಾದರೆ ಕುಂಬಕ್ಕರೈ ಜಲಪಾತ ಉಕ್ಕುತ್ತದೆ, ಘಟ್ಟದ ರಸ್ತೆ ಜಾರುತ್ತದೆ. ವಿವೇಕಿಗಳು ಅಲ್ಲಿಯೇ ತಂಗಿ, ನಿಧಾನವಾಗಿ ಉಣ್ಣುತ್ತಾರೆ.

ಆ ಬಾಳೆಲೆಯೇ ನಮಗೊಂದು ಪಠ್ಯ. ಮೊದಲು ಊರಿನ ಹೆಸರನ್ನೇ ನೋಡೋಣ. ತಮಿಳಿನ ‘ಪೆರಿಯ’ ಹಳಗನ್ನಡದ ‘ಪಿರಿಯ’ದ ಬಂಧು, ನಮ್ಮ ಇಂದಿನ ‘ಹಿರಿಯ’. ‘ಕುಳಂ’ ನಮ್ಮ ‘ಕೊಳ’. ಪೆರಿಯಕುಳಂ ಎಂದರೆ ಹಿರಿಯ ಕೊಳ. ತಮಿಳಿನ ‘ವಾೞೈ’ ಹಳಗನ್ನಡದಲ್ಲಿ ‘ಬಾೞೆ’; ಮೊದಲಿನ ವಕಾರಕ್ಕೆ ನಮ್ಮಲ್ಲಿ ಬಕಾರ. ಕೇಶಿರಾಜನು ಚರ್ಚಿಸಿದ ‘ರಳ’ವನ್ನು ನಾವು ಪರೀಕ್ಷೆಗಾಗಿ ಕಲಿಯುತ್ತೇವೆ, ತಮಿಳಿನಲ್ಲಿ ಅದು ಇನ್ನೂ ಉಳಿದಿದೆ. ಹಳಗನ್ನಡದ ‘ಪಾಲ್’ ನಮ್ಮಲ್ಲಿ ಹಾಲಾಯಿತು, ಅಲ್ಲಿ ಪಾಲಾಗಿಯೇ ಉಳಿಯಿತು.

ಆದರೆ ಆ ಸೀಮೆಯಲ್ಲಿ ಕೇಳಬೇಕಾದದ್ದು ತಮಿಳು ಮಾತ್ರವಲ್ಲ. ತೇನಿ, ಕಂಬಂ ಕಣಿವೆ, ದಿಂಡಿಗಲ್ ಪ್ರದೇಶಗಳಲ್ಲಿ ತಲೆಮಾರುಗಳಿಂದ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಸಮುದಾಯಗಳಿವೆ. ಕಾಪಿಲಿಯರು ಮತ್ತು ಅನುಪ್ಪರು ಕೃಷಿಕರು; ದೇವಾಂಗರು ನೇಕಾರರು. 1906ರ ಮಧುರಾ ಜಿಲ್ಲಾ ಗ್ಯಾಸೆಟಿಯರಿನಲ್ಲಿ ಡಬ್ಲ್ಯೂ. ಫ್ರಾನ್ಸಿಸ್ ಕಂಬಂನ ಕಾಪಿಲಿಯರ ಪವಿತ್ರ ದನದ ಹಿಂಡನ್ನು ವಿವರಿಸಿದ್ದಾನೆ. ತಮಿಳಿನಲ್ಲಿ ‘ತಂಬಿರಾನ್ ಮಾಡು’ ಎನಿಸಿಕೊಂಡ ಆ ಹಿಂಡಿಗೆ ಕನ್ನಡದಲ್ಲಿ ‘ದೇವರು ಆವು’ ಎಂದು ಹೆಸರು. ನಮ್ಮ ನಗರದ ಮಾತಿನಿಂದ ಮರೆಯಾಗಿ ಹಳಗನ್ನಡ ಪಾಠಗಳಲ್ಲಷ್ಟೇ ಸಿಗುವ ‘ಆವು’, ಆ ಕಣಿವೆಯ ಕೊಟ್ಟಿಗೆಯಲ್ಲಿ ದಿನಬಳಕೆಯ ಮಾತಾಗಿತ್ತು.

ಇಂಥ ಕನ್ನಡದ ಮುಂದಿರುವ ಸಂಕಟ ಸರಳವಾದದ್ದು. ಶಾಲೆ ತಮಿಳಿನದು, ಸಂತೆ ತಮಿಳಿನದು, ಮದುವೆಯ ಕರೆಯೋಲೆಯೂ ತಮಿಳಿನದು. ಕನ್ನಡಕ್ಕೆ ಉಳಿಯುವುದು ಅಡುಗೆಮನೆ, ಜಗಲಿ, ಅಜ್ಜಿಯ ಮಾತು. ಮಗು ಅಜ್ಜಿಗೆ ತಮಿಳಿನಲ್ಲಿ ಉತ್ತರ ಕೊಡಲು ತೊಡಗಿದ ದಿನದಿಂದ ಆ ಮನೆಯಲ್ಲಿ ಕನ್ನಡ ಹಿಂದೆ ಸರಿಯತೊಡಗುತ್ತದೆ.

ಇಲ್ಲಿ ಬೈಕ್ ಕ್ಲಬ್ಬುಗಳಿಂದಲೇ ಕಲಿಯಬೇಕಾದ ಒಂದು ಸಂಗತಿಯಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೂ ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಇಂದಿಗೂ ಓಡುತ್ತಿವೆ. ಅವುಗಳ ಒಡೆಯರು ಕೂಡುತ್ತಾರೆ, ಬಿಡಿಭಾಗ ಹಂಚಿಕೊಳ್ಳುತ್ತಾರೆ, ರಿಪೇರಿಯ ಗುಟ್ಟು ಹೇಳಿಕೊಳ್ಳುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ, ಬೈಕನ್ನು ಓಡಿಸುತ್ತಾರೆ. ಹಿಂದೆ ಶಾಲೆಯಿಲ್ಲದ ಭಾಷೆಯೂ ಹೀಗೆ ಬಳಕೆಯಿಂದಲೇ ಬದುಕಬೇಕು. ಅದಕ್ಕೆ ಬೇಕಾದದ್ದು ಆಡಿದ ಮಾತಿಗೆ ಉತ್ತರ ಕೊಡುವ ಜನ.

ಒಂದು ಆಕ್ಷೇಪ ಬರಬಹುದು: ಒಂದು ಹೊತ್ತಿನ ಊಟಕ್ಕೆ ಬಂದವರು ಯಾವ ಭಾಷೆಯನ್ನು ಉಳಿಸಿಯಾರು? ಉಳಿಸಲಾರರು, ನಿಜ. ಆದರೆ ಹೋಟೆಲಿನಲ್ಲಿ ಪಕ್ಕದ ಮೇಜಿನವರು ಕನ್ನಡ ಕೇಳಿ ತಲೆಯೆತ್ತಿದಾಗ ನಾವು ಇಂಗ್ಲಿಷಿಗೆ ಜಾರದೆ ಕನ್ನಡದಲ್ಲೇ ಮುಂದುವರಿದರೆ, ಅವರ ಮನೆಮಾತಿಗೆ ಮನೆಯ ಹೊರಗೂ ಒಂದು ಬಳಕೆಯಿದೆ ಎಂಬುದು ಅಲ್ಲಿರುವ ಮಗುವಿಗೆ ಕಾಣುತ್ತದೆ. ಇದು ಸಣ್ಣ ಕೆಲಸ. ಆದರೆ ನಮ್ಮ ಕೈಯಲ್ಲಿರುವ ಕೆಲಸ.

ಇನ್ನೊಂದು ಎಚ್ಚರವೂ ಬೇಕು. ಅವರು ತಮಿಳುನಾಡಿನ ಜನ. ಎರಡು ಭಾಷೆಗಳಲ್ಲಿ ಬಾಳುವುದು ಅವರಿಗೆ ಸಹಜ. ಅವರನ್ನು ಗಡಿಯ ಜಗಳಕ್ಕೆ ಸಾಕ್ಷಿಗಳನ್ನಾಗಿ ಎಳೆಯಬಾರದು. ಅವರ ಮಾತು ‘ಕೆಟ್ಟ ಕನ್ನಡ’ವೆಂದು ತಿದ್ದಲೂಬಾರದು. ತಿದ್ದಿಸಿಕೊಂಡವರು ಮರುದಿನ ನಮ್ಮೆದುರು ತಮಿಳನ್ನೇ ಆಡುತ್ತಾರೆ. ಅಲ್ಲಿಗೆ ನಮ್ಮ ಅಭಿಮಾನವೇ ಆ ಕನ್ನಡದ ಬಾಯಿ ಮುಚ್ಚಿಸಿದಂತಾಗುತ್ತದೆ. ಕೇಳದೆ ಮೊಬೈಲಿನಲ್ಲಿ ಚಿತ್ರೀಕರಿಸುವುದೂ ಸಲ್ಲದು.

ನಮ್ಮ ವಿಭಾಗದ ಮುಂದೆ ಒಂದು ಸಲಹೆಯಿಡುತ್ತೇನೆ. ಅಧ್ಯಯನ ಪ್ರವಾಸವೆಂದರೆ ಪ್ರತಿವರ್ಷ ಹಂಪೆ, ಬೇಲೂರುಗಳೇ ಆಗಬೇಕಿಲ್ಲ. ಒಮ್ಮೆ ಪೆರಿಯಕುಳಂ, ಕಂಬಂಗಳಿಗೂ ಹೋಗೋಣ. ಬೈಕಿನಲ್ಲಿ ಹೋಗುವ ಗೆಳೆಯರು ಅದಕ್ಕೆ ಮೊದಲೇ ದಾರಿ ಮಾಡಬಹುದು: ಹಿರಿಯರ ಒಪ್ಪಿಗೆ ಪಡೆದು, ಹಾಲಿಗೆ, ಹಸುವಿಗೆ, ಅತ್ತೆಗೆ, ಮಳೆಗೆ ಅವರು ಏನನ್ನುತ್ತಾರೆಂದು ಕೇಳಿ, ಅವರ ಉಚ್ಚಾರಣೆಯಲ್ಲೇ ಬರೆದು ತರಲಿ. ಇಪ್ಪತ್ತು ಪದ ಸಿಕ್ಕರೂ ಉಪಭಾಷೆಯ ಪಾಠಕ್ಕೆ ನಮ್ಮದೇ ಉದಾಹರಣೆಗಳು ದೊರೆತಂತೆ. ಬರೆದದ್ದರ ಒಂದು ಪ್ರತಿ, ಅವರು ಓದಬಲ್ಲ ತಮಿಳು ಲಿಪಿಯಲ್ಲಿ, ಆ ಮನೆಗೂ ತಲುಪಲಿ.