ಯಾರ ಅನುಕೂಲಕ್ಕೆ ಈ ಫ್ಲೆಕ್ಸಿಬಲ್ ಎಂಬಿಎ?

ಎಂಬಿಎ ಪ್ರವೇಶದ ಕಾಲ ಬಂತೆಂದರೆ ಜಾಹೀರಾತುಗಳಲ್ಲಿ ಎರಡು ಮಾತು ಜೋಡೆತ್ತಿನ ಹಾಗೆ ಬರುತ್ತವೆ: ‘ಫ್ಲೆಕ್ಸಿಬಲ್’ ಮತ್ತು ‘ಪ್ರಾಕ್ಟಿಕಲ್’. ವಾರಾಂತ್ಯದ ತರಗತಿ, ಆನ್‌ಲೈನ್ ಪಾಠ, ಇಂಟರ್ನ್‌ಶಿಪ್, ಲೈವ್ ಪ್ರಾಜೆಕ್ಟ್. ಮ್ಯಾನೇಜ್‌ಮೆಂಟ್ ವಿಭಾಗದಲ್ಲಿ ಪಿಎಚ್‌ಡಿ ಮಾಡುತ್ತ ಅದೇ ಎಂಬಿಎ ಮಕ್ಕಳಿಗೆ ಪಾಠವನ್ನೂ ಹೇಳುವ ನನಗೆ ಈ ಎರಡೂ ಮಾತುಗಳ ಮೇಲೆ ತಕರಾರಿದೆ.

ಫ್ಲೆಕ್ಸಿಬಲ್ ಓದು ಕೆಟ್ಟದ್ದೇನಲ್ಲ. ಷಿಕಾಗೊ ವಿಶ್ವವಿದ್ಯಾಲಯ 1943ರಲ್ಲಿ ಎಕ್ಸಿಕ್ಯುಟಿವ್ ಎಂಬಿಎ ಶುರುಮಾಡಿದ್ದು ಕೆಲಸ ಬಿಟ್ಟು ಬರಲಾಗದ ಅನುಭವಸ್ಥರಿಗಾಗಿ. ನಮ್ಮ ಯುಜಿಸಿ 2022ರಲ್ಲಿ ಮಾನ್ಯತೆ ಪಡೆದ ಆನ್‌ಲೈನ್ ಪದವಿಯೂ ರೆಗ್ಯುಲರ್ ಪದವಿಗೆ ಸಮ ಎಂದಿತು. ಮಗುವನ್ನು ಮಲಗಿಸಿ ರಾತ್ರಿ ಓದುವ ಬ್ಯಾಂಕ್ ಗುಮಾಸ್ತೆಗೆ ಇದು ದೊಡ್ಡ ಉಪಕಾರ. ಆದರೆ ಅದೇ ಅಂಗಿಯನ್ನು ನಿನ್ನೆಯಷ್ಟೇ ಬಿಕಾಂ ಮುಗಿಸಿದ ಇಪ್ಪತ್ತೊಂದರ ಹುಡುಗನಿಗೂ ತೊಡಿಸುತ್ತಿದ್ದೇವೆ. ಕೆಲಸ ಗೊತ್ತಿದ್ದವರಿಗೆ ಸಮಯ ಸಿಕ್ಕರೆ ಸಾಕು; ಗೊತ್ತಿಲ್ಲದವರಿಗೆ ಪಕ್ಕದಲ್ಲಿ ಮೇಷ್ಟ್ರು ಬೇಕು. ಅವರ ಜಾಗದಲ್ಲಿ ರೆಕಾರ್ಡ್ ಮಾಡಿದ ವಿಡಿಯೊ ಇಟ್ಟಾಗ ವೇಳಾಪಟ್ಟಿಯ ಜೊತೆಗೆ ಸಂಸ್ಥೆಯ ಹೊಣೆಯೂ ಸಡಿಲವಾಗುತ್ತದೆ. ಶುಲ್ಕ ಮಾತ್ರ ಬಿಗಿಯಾಗಿಯೇ ಇರುತ್ತದೆ.

ಇನ್ನು ‘ಪ್ರಾಕ್ಟಿಕಲ್’. ನಾಲ್ಕಾರು ವಾರ ಕಂಪನಿಯಲ್ಲಿದ್ದು ವರದಿ ಬರೆಯಬೇಕೆಂಬುದು ನಿಯಮ. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಹೋದ ವರ್ಷದ ವರದಿ ಹೊಸ ಹೆಸರಿನಲ್ಲಿ ಬೈಂಡ್ ಆಗಿ ಬರುವುದು ನಮಗೆಲ್ಲ ಗೊತ್ತಿರುವ ಗುಟ್ಟು. ಅದಕ್ಕೇ ವೈವಾದಲ್ಲಿ ನಾನೊಂದು ಪ್ರಶ್ನೆ ಕೇಳುತ್ತೇನೆ: ಆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಏನು ತಿಂದೆ? ಹೋಗದವರು ಚಾರ್ಟು ನೋಡುತ್ತಾರೆ. ನಿಜಕ್ಕೂ ಹೋದ ಹುಡುಗಿಯೊಬ್ಬಳು ಹತ್ತು ನಿಮಿಷ ಕನ್ನಡದಲ್ಲಿ ಮಾತಾಡಿದಳು. ಎರಡನೇ ಪಾಳಿಯ ಹೆಂಗಸರಿಗೆ ಊರಿನ ಕೊನೆಯ ಬಸ್ಸು ತಪ್ಪುತ್ತಿತ್ತು. ಗೈರುಹಾಜರಿಗೆ ಅದೇ ಕಾರಣ ಎಂದಳು. ವರದಿಯಲ್ಲಿ ಬಸ್ಸಿನ ಸುದ್ದಿಯೇ ಇರಲಿಲ್ಲ. ಇಂಗ್ಲಿಷಿನ ಐದು ಅಧ್ಯಾಯ, ನೂರು ಜನರ ಪ್ರಶ್ನಾವಳಿ, ಕೊನೆಗೆ ‘ಕಾರ್ಮಿಕರಿಗೆ ಪ್ರೇರಣೆ ಬೇಕು’ ಎಂಬ ಸಲಹೆ. ಅವಳು ಕಲಿತದ್ದನ್ನು ಇಡಲು ನಮ್ಮ ಫಾರ್ಮ್ಯಾಟಿನಲ್ಲಿ ಜಾಗವಿರಲಿಲ್ಲ.

ಕೇಸ್ ಸ್ಟಡಿ ಇದೆಯಲ್ಲ ಎನ್ನುತ್ತಾರೆ. ಹಾರ್ವರ್ಡ್‌ನ ಈ ಪದ್ಧತಿ 1961ರಲ್ಲಿ ಹುಟ್ಟಿದ ಅಹಮದಾಬಾದಿನ ಐಐಎಂ ಮೂಲಕ ಇಲ್ಲಿ ಬೇರೂರಿತು. ಒಳ್ಳೆಯ ಪದ್ಧತಿಯೇ. ಆದರೆ ತರಗತಿಯಲ್ಲಿ ಕೈಗೊಂಡ ತಪ್ಪು ನಿರ್ಧಾರಕ್ಕೆ ಯಾರ ಮನೆಯ ಒಲೆಯೂ ಆರುವುದಿಲ್ಲ. ಇದರ ಮಿತಿ ಮೊದಲು ಹೊಳೆದವರಲ್ಲಿ ಅದೇ ಐಐಎಂನ ಮೊದಲ ಪೂರ್ಣಾವಧಿ ನಿರ್ದೇಶಕ ರವಿ ಮಥಾಯ್ ಒಬ್ಬರು. 1972ರಲ್ಲಿ ಕುರ್ಚಿ ಬಿಟ್ಟು ಅಲ್ಲೇ ಮೇಷ್ಟರಾಗಿ ಉಳಿದರು. 1975ರಿಂದ ರಾಜಸ್ಥಾನದ ಬರಪೀಡಿತ ಜವಾಜಾದಲ್ಲಿ ನೇಕಾರರು, ಚರ್ಮ ಕುಶಲಕರ್ಮಿಗಳ ಜೊತೆ ಕೂತರು. ಎನ್‌ಐಡಿಯವರೂ ಕೈಜೋಡಿಸಿದರು. ವಿನ್ಯಾಸ, ಲೆಕ್ಕ, ಮಾರುಕಟ್ಟೆ ಎಲ್ಲವನ್ನೂ ಜನರೇ ನಡೆಸುವಂತಾಗಬೇಕು ಎಂಬುದು ಗುರಿ. ಅದಕ್ಕೆ ವರ್ಷಗಳೇ ಹಿಡಿದವು.

‘ಅರವತ್ತು ಮಕ್ಕಳನ್ನು ಕಟ್ಟಿಕೊಂಡು ಜವಾಜಾ ಮಾಡಲಾಗುತ್ತದೆಯೇ?’ ಎಂದು ಹಿರಿಯ ಸಹೋದ್ಯೋಗಿಗಳು ನಗುತ್ತಾರೆ. ರಾಜಸ್ಥಾನಕ್ಕೆ ಹೋಗುವುದೇನೂ ಬೇಡ. ನಮ್ಮ ಹಳ್ಳಿಗಳಲ್ಲಿ ಹಾಲು ಉತ್ಪಾದಕರ ಸಂಘಗಳಿವೆ. ಫ್ಯಾಟ್ ಮತ್ತು ಎಸ್‌ಎನ್‌ಎಫ್ ನೋಡಿ ಹಾಲಿನ ಗುಣಮಟ್ಟ ಅಳೆಯುತ್ತಾರೆ. ಆ ಲೆಕ್ಕ ಸದಸ್ಯರಿಗೆ ಅರ್ಥವಾಗುತ್ತದೆಯೇ? ಕೆಲವರು ಖಾಸಗಿ ಡೇರಿಗೆ ಯಾಕೆ ಹೋದರು? ಒಂದು ಸೆಮಿಸ್ಟರ್, ವಾರಕ್ಕೆರಡು ದಿನ ವಿದ್ಯಾರ್ಥಿ ಅಲ್ಲಿರಲಿ. ಹದಿನೈದು ದಿನಕ್ಕೊಮ್ಮೆ ಮೇಷ್ಟ್ರು ಬರಲಿ. ಕೊನೆಗೆ ವರದಿಯನ್ನು ಸಂಘದ ಸಭೆಯಲ್ಲಿ ಕನ್ನಡದಲ್ಲಿ ಓದಲಿ, ಹಾಲು ಹಾಕುವ ಹೆಂಗಸರು ಪ್ರಶ್ನೆ ಕೇಳಲಿ. ಅರ್ಧ ಅಂಕ ಅಲ್ಲಿಂದಲೇ ಬರಲಿ.

ಪ್ಲೇಸ್‌ಮೆಂಟ್ ಸಿಗುವುದಿಲ್ಲ ಎಂದು ಹೆದರಿಸುವವರಿಗೆ ಒಂದು ಮಾತು. ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಕಟ್ಟಿ ಸಂಬಳವಿಲ್ಲದೆ ಎಕ್ಸೆಲ್ ಶೀಟು ತುಂಬುವ ಇಂಟರ್ನ್‌ಶಿಪ್ ಯಾರಿಗೆ ಎಟುಕುತ್ತದೆ? ಆ ಬಾಡಿಗೆ ಕಟ್ಟುವ ಅಪ್ಪ ಇದ್ದವರಿಗೆ. ಸಿಂಧನೂರಿನಿಂದ ಸಾಲ ಮಾಡಿ ಬಂದವನು ಜೆರಾಕ್ಸ್ ಅಂಗಡಿಗೆ ಹೋದರೆ ಅವನ ನೀತಿಯನ್ನು ಪ್ರಶ್ನಿಸಲು ನನಗೆ ಬಾಯಿ ಬರುವುದಿಲ್ಲ. ಸ್ಟೈಪೆಂಡ್ ಇಲ್ಲದ ಇಂಟರ್ನ್‌ಶಿಪ್ಪಿಗೆ ಕ್ರೆಡಿಟ್ ಕೊಡುವುದನ್ನೇ ವಿಶ್ವವಿದ್ಯಾಲಯಗಳು ನಿಲ್ಲಿಸಬೇಕು.

ಈ ವರ್ಷ ಕೌನ್ಸೆಲಿಂಗಿಗೆ ಹೋಗುವವರು ಕ್ಯಾಂಪಸ್ಸಿನ ಫೋಟೊ ಆಮೇಲೆ ನೋಡಿ. ಮೊದಲು ಕೇಳಿ: ನಾನು ಪ್ರಾಜೆಕ್ಟ್ ಮಾಡುವ ಜಾಗಕ್ಕೆ ನನ್ನ ಗೈಡು ಎಷ್ಟು ಸಲ ಬರುತ್ತಾರೆ?